ಟ್ರ್ಯಾಕ್ಟರ್ ನಮ್ಮದು, ರಿಪೇರಿ ಮಾಡಿಸೋ ಹಕ್ಕು ಯಾರದು?

ಟ್ರ್ಯಾಕ್ಟರ್ ವಾರಂಟಿಯನ್ನು ವರ್ಷದ ಲೆಕ್ಕದಲ್ಲಿ ಕೊಡುತ್ತಾರೆ. ಬಿತ್ತನೆಯ ಹದ ಇರೋದು ದಿನದ ಲೆಕ್ಕದಲ್ಲಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮಳೆಯಾಶ್ರಿತ ಹೊಲಗಳಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಶೇಂಗಾನೋ ಮೆಕ್ಕೆಜೋಳವೋ ಸಾವೆಯೋ ಬಿತ್ತೋಕೆ ಸಿಗೋದು ಕೆಲವೇ ದಿನ. ಅಷ್ಟರಲ್ಲಿ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಕೈಕೊಟ್ಟಿತು ಅಂದುಕೊಳ್ಳಿ. ಶೋರೂಮಿನವರು "ಪಾರ್ಟ್ ಆರ್ಡರ್ ಹಾಕಿದೀವಿ, ಬಂದ ಮೇಲೆ ಫೋನ್ ಮಾಡ್ತೀವಿ" ಅನ್ನುತ್ತಾರೆ. ಎರಡು ವಾರದ ನಂತರ ಪಾರ್ಟ್ ಉಚಿತವಾಗಿಯೇ ಬರಬಹುದು. ಆದರೆ ಆ ಹೊತ್ತಿಗೆ ಹದ ಹೋಗಿರುತ್ತದೆ, ಸಾಲದ ಕಂತು ಮಾತ್ರ ನಿಂತಿರುವುದಿಲ್ಲ.

ರೈತರ ಬಗ್ಗೆ ಚರ್ಚೆ ಮಾಡುವಾಗ ನಾವು ಬೆಂಬಲ ಬೆಲೆ, ಸಾಲಮನ್ನಾ, ಬೆಳೆವಿಮೆ ಅಂತೀವಿ. ವಾರಂಟಿ ಕಾರ್ಡಿನ ಬಗ್ಗೆ ಮಾತಾಡೋದಿಲ್ಲ. ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇದು ಬರೀ ಮೆಕ್ಯಾನಿಕ್ ವಿಷಯ ಅಂತ ಅನ್ನಿಸುವುದಿಲ್ಲ. ಇದು ರಾಜಕೀಯದ ವಿಷಯ. ಯಾಕೆ ಅಂತ ಹೇಳ್ತೀನಿ.

ವಾರಂಟಿಯಲ್ಲಿ ಏನಿರುತ್ತೆ, ಏನಿರಲ್ಲ

ವಾರಂಟಿ ಅನ್ವಯಿಸೋದು ತಯಾರಿಕೆಯ ದೋಷಕ್ಕೆ. ಬಳಸಿ ಸವೆಯುವ ಕ್ಲಚ್ ಪ್ಲೇಟ್, ಫಿಲ್ಟರ್, ಬೆಲ್ಟ್ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಟೈರು, ಬ್ಯಾಟರಿಗೆ ಆಯಾ ಕಂಪನಿಯದೇ ಬೇರೆ ವಾರಂಟಿ ಇರುತ್ತದೆ. ಅವಧಿಯನ್ನೂ ವರ್ಷ ಮತ್ತು ಗಂಟೆ ಎರಡರಲ್ಲೂ ಬರೆದಿರುತ್ತಾರೆ, ಯಾವುದು ಮೊದಲು ಮುಗಿಯುತ್ತೋ ಅದೇ ಲೆಕ್ಕ. 2 ವರ್ಷ ಅಥವಾ 2000 ಗಂಟೆ ಅಂತ ಇದ್ದರೆ, ಬಾಡಿಗೆಗೆ ದಿನಕ್ಕೆ 10 ಗಂಟೆ ಓಡುವ ಗಾಡಿಯ ವಾರಂಟಿ 200 ದುಡಿಮೆಯ ದಿನಕ್ಕೇ ಖಲಾಸ್.

ಜಗಳ ಹುಟ್ಟೋದು ದೋಷ ಯಾರದು ಅನ್ನೋ ಪ್ರಶ್ನೆಯಲ್ಲಿ. ಎರಡು ಉದಾಹರಣೆ ನೋಡಿ.

ಮೊದಲನೆಯದು ಕ್ಲಚ್. ಕ್ಲಚ್ ಜಾರುತ್ತಿದೆ ಅಂದ ಕೂಡಲೇ "ಅದು ಸವೆಯೋ ಭಾಗ, ವಾರಂಟಿ ಬರಲ್ಲ" ಅಂತಾರೆ. ಆದರೆ ಇಂಜಿನ್ ಹಿಂಬದಿಯ ಆಯಿಲ್ ಸೀಲ್ ಸೋರಿ, ಆಯಿಲ್ ಪ್ಲೇಟಿನ ಮೇಲೆ ಬಿದ್ದರೂ ಕ್ಲಚ್ ಜಾರುತ್ತದೆ. ಆಗ ಕ್ಲಚ್ ಕೆಟ್ಟಿರುವುದು ಪರಿಣಾಮ ಅಷ್ಟೇ, ಕಾರಣ ಸೀಲ್. ಗಾಡಿ ಬಿಚ್ಚಿದಾಗ ಪ್ಲೇಟ್ ಒಣಗಿತ್ತೋ, ಆಯಿಲ್‌ನಲ್ಲಿ ನೆಂದಿತ್ತೋ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳದಿದ್ದರೆ ಮುಂದೆ ಸಾಬೀತು ಮಾಡೋದು ಕಷ್ಟ.

ಎರಡನೆಯದು ಧೂಳು. ನಮ್ಮ ಬಯಲುಸೀಮೆಯಲ್ಲಿ ಒಣ ಮಣ್ಣಿಗೆ ರೋಟವೇಟರ್ ಹಾಕಿದರೆ ಗಾಡಿಯೇ ಕಾಣದಷ್ಟು ಧೂಳು ಏಳುತ್ತದೆ. ಏರ್ ಕ್ಲೀನರ್ ದಾಟಿ ಧೂಳು ಒಳಗೆ ಹೋದರೆ ಪಿಸ್ಟನ್ ರಿಂಗ್, ಲೈನರ್ ಬೇಗ ಸವೆದು, ಇಂಜಿನ್ ಆಯಿಲ್ ಕುಡಿಯೋಕೆ, ಹೊಗೆ ಉಗುಳೋಕೆ ಶುರು ಮಾಡುತ್ತದೆ. "ಏರ್ ಕ್ಲೀನರ್ ಸ್ವಚ್ಛ ಮಾಡಿಲ್ಲ, ತಪ್ಪು ನಿಮ್ಮದೇ" ಅಂತ ಕ್ಲೇಮ್ ತಿರಸ್ಕರಿಸಲು ಇದು ಸುಲಭದ ದಾರಿ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಏರ್ ಕ್ಲೀನರಿನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸಿನ ಕ್ಲಿಪ್ ಮೊದಲಿನಿಂದಲೇ ಸಡಿಲವಿದ್ದರೆ? ಹೋಸ್ ಬಿಚ್ಚಿ, ಧೂಳಿನ ಗುರುತು ಎಲ್ಲಿಂದ ಶುರುವಾಗಿದೆ ಅಂತ ನೋಡಿದರೆ ಅದು ಗೊತ್ತಾಗುತ್ತೆ.

ಹಾಗಾಗಿ ಮೂರು ಕೆಲಸ ಮಾಡಿ. ಪ್ರತಿ ಸಲವೂ ದಿನಾಂಕ, ಗಂಟೆ ಮೀಟರ್ ರೀಡಿಂಗ್, ನೀವು ಹೇಳಿದ ದೂರು ಇರುವ ಜಾಬ್ ಕಾರ್ಡ್ ಪಡೆಯಿರಿ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಿಚ್ಚಿದ ಭಾಗದ ಫೋಟೋ ತೆಗೆದಿಟ್ಟುಕೊಳ್ಳಿ.

ರೈತ ಗ್ರಾಹಕ ಹೌದಾ?

ಹೌದು. ಬೆಳೆ ಮಾರುತ್ತಾನೆ, ಹಾಗಾಗಿ ರೈತ ವ್ಯಾಪಾರಿ ಅನ್ನೋ ವಾದವನ್ನು ಬೀಜದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ತಳ್ಳಿಹಾಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೂಡ, ಸ್ವಂತ ದುಡಿಮೆಯಿಂದ ಜೀವನ ನಡೆಸಲಷ್ಟೇ ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶದ್ದು ಅಂತ ಪರಿಗಣಿಸುವುದಿಲ್ಲ. ಒಂದೇ ಟ್ರ್ಯಾಕ್ಟರ್ ಇಟ್ಟುಕೊಂಡು ತಾನೇ ಬಾಡಿಗೆಗೆ ಹೊಡೆದು ಬದುಕುವವನಿಗೂ ಈ ರಕ್ಷಣೆ ಇದೆ.

ಕಂಪನಿಯ ಆಫೀಸು ಚೆನ್ನೈಯಲ್ಲಿರಲಿ, ಪುಣೆಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಹೊಸದುರ್ಗದವರಾದರೆ ಚಿತ್ರದುರ್ಗ ಸಾಕು, ಆನ್‌ಲೈನ್‌ನಲ್ಲೂ ಆಗುತ್ತದೆ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ. 2 ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, 10 ಲಕ್ಷದವರೆಗೆ ಬರೀ 200 ರೂಪಾಯಿ. ಪರೀಕ್ಷೆ ಮಾಡದೆ ದೋಷ ಗೊತ್ತಾಗಲ್ಲ ಅಂದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ.

ಆದರೆ ಕಾನೂನಿನ ಪ್ರಕಾರವೇ ತೀರ್ಪಿಗೆ ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳು. ಅಷ್ಟರಲ್ಲಿ ಮುಂಗಾರು ಮುಗಿದಿರುತ್ತದೆ. ಅದಕ್ಕೇ ಬೇರೆಯವರ ಟ್ರ್ಯಾಕ್ಟರ್ ಬಾಡಿಗೆಗೆ ಕರೆದರೆ ಆ ಹಣದ ರಸೀದಿ ಇಟ್ಟುಕೊಳ್ಳಿ, ಪರಿಹಾರ ಕೇಳುವಾಗ ಬೇಕಾಗುತ್ತದೆ.

ಬೀಗದ ಕೈ ಯಾರ ಹತ್ರ?

ಇನ್ನು ಮುಂದಿನ ಸಮಸ್ಯೆಗೆ ಬರೋಣ. 2023ರ ಜನವರಿಯಿಂದ 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಹೊಸ ಹೊಗೆ ನಿಯಮ ಬಂದಿದೆ. ಅದನ್ನು ಪಾಲಿಸಲು ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರ್ ನಿಯಂತ್ರಿಸುವ ಇಂಜಿನ್‌ಗಳು ಬಂದವು. ಹೊಗೆ ಕಡಿಮೆಯಾಗಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಇಂಥ ಗಾಡಿ ನಿಂತರೆ ದೋಷ ಓದೋಕೆ ಸ್ಕ್ಯಾನರ್ ಬೇಕು. ಆ ಸ್ಕ್ಯಾನರ್ ಕಂಪನಿಯ ಡೀಲರ್ ಬಳಿ ಮಾತ್ರ ಇದ್ದರೆ, ಹೊಳಲ್ಕೆರೆಯ ರಸ್ತೆ ಬದಿ ಇಪ್ಪತ್ತು ವರ್ಷ ಇಂಜಿನ್ ಬಿಚ್ಚಿದ ಮೇಸ್ತ್ರಿಯ ಕೈ ಕಟ್ಟಿದ ಹಾಗೆ.

ಕಾರುಗಳಲ್ಲಿ ಇದು ಆಗಲೇ ನಡೆದಿದೆ. ಬಿಡಿಭಾಗ, ಪರೀಕ್ಷಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳಿಗೆಂದೇ ರಿಪೇರಿ ಹಕ್ಕಿನ ಕಾಯ್ದೆ ತಂದಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದೇ ವಿಷಯಕ್ಕೆ ಜಾನ್ ಡಿಯರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು.

ನಮ್ಮಲ್ಲಿ? ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿದಾಗ ಗುರುತಿಸಿದ ವಲಯಗಳಲ್ಲಿ ಕೃಷಿ ಉಪಕರಣವೂ ಇತ್ತು. ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಕೂಡ ಬಂತು. ಆದರೆ ರಿಪೇರಿ ಎಷ್ಟು ಸುಲಭ ಅಂತ ಅಂಕ ಕೊಡುವ ಸೂಚ್ಯಂಕದ ವರದಿ 2025ರಲ್ಲಿ ಸಿದ್ಧವಾದಾಗ ಅದು ಹಿಡಿದದ್ದು ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ವಲಯವನ್ನು. ಟ್ರ್ಯಾಕ್ಟರ್ ಹೊರಗೇ ಉಳಿಯಿತು.

ಕೇಳಬೇಕಾದ್ದು ದೊಡ್ಡದೇನಲ್ಲ. ಬಿತ್ತನೆ ಕಾಲದಲ್ಲಿ ವಾರಂಟಿ ರಿಪೇರಿಗೆ ದಿನಗಳ ಗಡುವು. ಗಡುವು ಮೀರಿದರೆ ಬದಲಿ ಟ್ರ್ಯಾಕ್ಟರ್ ಅಥವಾ ಅದರ ಬಾಡಿಗೆ ಕಂಪನಿಯ ಖರ್ಚಿನಲ್ಲಿ. ಬಿಡಿಭಾಗ, ಮ್ಯಾನುಯಲ್, ಸ್ಕ್ಯಾನರ್ ನ್ಯಾಯವಾದ ಬೆಲೆಗೆ ಹೊರಗಿನ ಮೆಕ್ಯಾನಿಕ್‌ಗೂ ಸಿಗಬೇಕು. ಮ್ಯಾನುಯಲ್ ಮತ್ತು ವಾರಂಟಿ ಷರತ್ತು ಕನ್ನಡದಲ್ಲಿರಬೇಕು. ಮುಂದಿನ ಸಲ ವೋಟು ಕೇಳಲು ಬಂದವರ ಮುಂದೆ ಸಾಲಮನ್ನಾದ ಜೊತೆಗೆ ಇದನ್ನೂ ಇಡಿ. ಸಾಲ ಮಾಡಿ ತಂದ ಗಾಡಿ ಹದವಿದ್ದಾಗ ಹೊಲದಲ್ಲಿ ಓಡಿದರೆ ತಾನೇ ಆ ಸಾಲ ತೀರೋದು?