ಕಾರಿನ ಬ್ರೇಕ್ ಸವೆತ

ಬಳಕೆಯಿಂದಾಗಿ ಬ್ರೇಕ್‌ನ ಘರ್ಷಕ ಭಾಗಗಳು ತೆಳುವಾಗುತ್ತ ಬಂದು, ವಾಹನವನ್ನು ನಿಲ್ಲಿಸುವ ಸಾಮರ್ಥ್ಯ ಕುಂದುವುದನ್ನು ಬ್ರೇಕ್ ಸವೆತ ಎನ್ನುತ್ತಾರೆ. ಚಲಿಸುವ ಕಾರಿನ ಚಲನಶಕ್ತಿಯನ್ನು ಬ್ರೇಕ್‌ಗಳು ಘರ್ಷಣೆಯ ಮೂಲಕ ಉಷ್ಣವಾಗಿ ಪರಿವರ್ತಿಸುತ್ತವೆ. ಆದುದರಿಂದ ಸವೆತವು ಅವುಗಳ ಕಾರ್ಯವಿಧಾನದಲ್ಲಿಯೇ ಅಡಗಿದೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಊರೊಳಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಮನಕ್ಕೆ ಬಾರದ ಕೊರತೆಯು ಹೆದ್ದಾರಿಯ 80 ಕಿ.ಮೀ. ವೇಗದಲ್ಲಿ ಅಪಾಯಕರವಾಗಬಹುದು. ಸವೆತ ನಿಧಾನವಾದುದರಿಂದ ಚಾಲಕನ ಕಾಲು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಬೇರೊಬ್ಬರು ಅದೇ ಕಾರನ್ನು ಓಡಿಸಿದಾಗಲೇ ವ್ಯತ್ಯಾಸ ತಿಳಿದುಬರುವುದುಂಟು.

ರಚನೆ

ಭಾರತದ ಅನೇಕ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್ ಬ್ರೇಕ್ ಇರುತ್ತದೆ. ಡಿಸ್ಕ್ ಬ್ರೇಕ್‌ನಲ್ಲಿ ಕ್ಯಾಲಿಪರ್ ಎಂಬ ಹಿಡಿಕೆಯು ತಿರುಗುವ ಲೋಹದ ಬಿಲ್ಲೆಯನ್ನು ಎರಡು ಪ್ಯಾಡ್‌ಗಳ ನಡುವೆ ಅದುಮುತ್ತದೆ. ಡ್ರಮ್‌ನಲ್ಲಿ ಕಮಾನಿನಾಕಾರದ ಶೂಗಳು ಒಳಗಿನಿಂದ ಹೊರಕ್ಕೆ ಒತ್ತುತ್ತವೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಸಾಮಾನ್ಯವಾಗಿ ಮುಂದಿನ ಪ್ಯಾಡ್‌ಗಳೇ ಬೇಗ ಸವೆಯುತ್ತವೆ.

ಸದ್ದು

ಹೊಸ ಪ್ಯಾಡ್‌ನ ಘರ್ಷಕ ಪದರ ಸುಮಾರು 10ರಿಂದ 12 ಮಿ.ಮೀ. ದಪ್ಪವಿರುತ್ತದೆ. ಅದು 3 ಮಿ.ಮೀ.ಗೆ ಇಳಿದಾಗ ಬದಲಿಸುವುದು ರೂಢಿ. ಅನೇಕ ಪ್ಯಾಡ್‌ಗಳಲ್ಲಿ ಉಕ್ಕಿನ ಚಿಕ್ಕ ಪಟ್ಟಿಯೊಂದಿದ್ದು, ಪದರ ಈ ಮಟ್ಟಕ್ಕೆ ಬಂದಾಗ ಡಿಸ್ಕ್‌ಗೆ ತಾಗಿ ಕೀರಲು ಧ್ವನಿ ಮಾಡುತ್ತದೆ. ಇದು ಉದ್ದೇಶಪೂರ್ವಕವಾಗಿ ಇಟ್ಟ ಎಚ್ಚರಿಕೆ. ಆದರೆ ಎಲ್ಲ ಪ್ಯಾಡ್‌ಗಳಲ್ಲಿ ಈ ಪಟ್ಟಿ ಇರುವುದಿಲ್ಲ. ಸದ್ದಿಲ್ಲದ ಮಾತ್ರಕ್ಕೆ ಬ್ರೇಕ್ ಸರಿಯಾಗಿದೆ ಎನ್ನಲಾಗದು. ಕೀರಲು ಸದ್ದು ಹೋಗಿ ಕರಕರ ಉಜ್ಜುವ ಸದ್ದು ಬಂದರೆ ಪದರ ಪೂರ್ತಿ ಮುಗಿದು, ಹಿಂಬದಿಯ ಲೋಹದ ತಟ್ಟೆ ಡಿಸ್ಕನ್ನೇ ಕೊರೆಯುತ್ತಿದೆ ಎಂದು ಭಾವಿಸಬೇಕು. ಆಗ ಪ್ಯಾಡ್ ಜೊತೆಗೆ ಡಿಸ್ಕನ್ನೂ ಬದಲಿಸಬೇಕಾಗಿ ಬಂದು ವೆಚ್ಚ ಹೆಚ್ಚುತ್ತದೆ. ಮಳೆಯ ರಾತ್ರಿ ಹೊರಗೆ ನಿಂತ ಕಾರಿನಲ್ಲಿ ಬೆಳಿಗ್ಗೆ ಕೇಳುವ ಕೆರೆತ ಮಾತ್ರ ಬೇರೆ: ಅದು ಡಿಸ್ಕ್ ಮೇಲಿನ ತೆಳು ತುಕ್ಕಿನದು, ನಾಲ್ಕಾರು ಬಾರಿ ಬ್ರೇಕ್ ಒತ್ತಿದರೆ ಹೋಗುತ್ತದೆ.

ಪೆಡಲ್ ಮತ್ತು ಸ್ಟಿಯರಿಂಗ್

ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಕೊಳವೆಗಳಲ್ಲಿ ಗಾಳಿ ಸೇರಿರುವ ಸಾಧ್ಯತೆಯಿದೆ. ಒತ್ತಿ ಹಿಡಿದಾಗ ಅದು ಮೆಲ್ಲನೆ ಕೆಳಗಿಳಿದರೆ ದ್ರವ ಎಲ್ಲಿಯೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್‌ನ ಒಳಗಿನ ರಬ್ಬರ್ ಸೀಲು ಹಾಳಾಗಿದೆ. ಈ ಸ್ಥಿತಿಯಲ್ಲಿ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವುದಕ್ಕಿಂತ ಎಳೆಸಿಕೊಂಡು ಹೋಗುವುದೇ ಉಚಿತ. ಪೆಡಲ್ ಅಸಹಜವಾಗಿ ಗಟ್ಟಿಯಾಗಿದ್ದರೆ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡುತ್ತಿಲ್ಲದಿರಬಹುದು.

ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ಅಥವಾ ಪೆಡಲ್ ಕಂಪಿಸುವುದು ಡಿಸ್ಕ್‌ನ ದಪ್ಪ ಏರುಪೇರಾಗಿರುವುದರ ಲಕ್ಷಣ. ಹಠಾತ್ತನೆ ಜೋರಾಗಿ ಒತ್ತಿದಾಗ ಎಬಿಎಸ್ ಕಾರ್ಯಪ್ರವೃತ್ತವಾಗಿ ಪೆಡಲ್ ಅದುರುವುದು ದೋಷವಲ್ಲ. ಆಗ ಕಾಲು ತೆಗೆಯಬಾರದು. ಕಾರು ಒಂದು ಬದಿಗೆ ಎಳೆದರೆ ಕ್ಯಾಲಿಪರ್ ಸಿಕ್ಕಿಕೊಂಡಿರಬಹುದು, ಆದರೆ ಮೊದಲು ಟೈರುಗಳ ಗಾಳಿಯನ್ನು ನೋಡುವುದು ಒಳಿತು.

ಬ್ರೇಕ್ ದ್ರವ

ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದೇ ಕರೆದರೂ ಹೆಚ್ಚಿನ ಕಾರುಗಳಲ್ಲಿ ಇದು ಎಣ್ಣೆಯಲ್ಲ, ಗ್ಲೈಕಾಲ್ ಆಧಾರಿತ ದ್ರವ. ಇದಕ್ಕೆ ಇಂಜಿನ್ ಆಯಿಲ್ ಬೆರೆತರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಪ್ಯಾಡ್ ಸವೆದಂತೆ ಕ್ಯಾಲಿಪರ್‌ನ ಪಿಸ್ಟನ್ ಮುಂದೆ ಬಂದು, ಡಬ್ಬಿಯಲ್ಲಿನ ದ್ರವದ ಮಟ್ಟ ಇಳಿಯುತ್ತದೆ. ಕೊನೆಗೆ ಕೆಂಪು ದೀಪ ಹೊತ್ತಿಕೊಳ್ಳಬಹುದು. ಕಾರಣ ಹುಡುಕದೆ ದ್ರವ ತುಂಬಿಸಿದರೆ ದೀಪ ಆರುತ್ತದೆ, ಸವೆತ ಹಾಗೆಯೇ ಉಳಿಯುತ್ತದೆ.

ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ವರ್ಗದ ಹೊಸ ದ್ರವದ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್. ತೇವಗೊಂಡಾಗಿನ ಮಿತಿ 140 ಡಿಗ್ರಿ. ಡಾಟ್ 4ರಲ್ಲಿ ಇವು 230 ಮತ್ತು 155. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳನ್ನು ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿದರೆ ಹಳೆಯ ದ್ರವ ಕುದಿದು ಆವಿಗುಳ್ಳೆಗಳಾಗುತ್ತವೆ. ದ್ರವದಂತೆ ಆವಿಯು ಒತ್ತಡವನ್ನು ಸಾಗಿಸದು, ಪೆಡಲ್ ತಳಕ್ಕೆ ಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಇದರ ಯಾವ ಮುನ್ಸೂಚನೆಯೂ ಸಿಗದಿರುವುದರಿಂದ, ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಲು ಅನೇಕ ತಯಾರಕರು ಸೂಚಿಸುತ್ತಾರೆ. ಇಳಿಜಾರಿನಲ್ಲಿ ಕೆಳ ಗೇರ್ ಬಳಸಿದರೆ ಇಂಜಿನ್ನೇ ವೇಗವನ್ನು ತಡೆಯುತ್ತದೆ. ಪೆಟ್ರೋಲ್ ಉಳಿಸಲೆಂದು ಇಂಜಿನ್ ಆರಿಸಿ ಇಳಿಯುವ ಅಭ್ಯಾಸವಂತೂ ಬೂಸ್ಟರ್‌ನ ನೆರವನ್ನೂ ಕಳೆಯುತ್ತದೆ.

ಬದಲಾವಣೆ

ಪ್ಯಾಡ್‌ಗಳನ್ನು ಒಂದೇ ಅಚ್ಚಿನ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಿಸಬೇಕು. ಇಲ್ಲವಾದರೆ ಎಡಬಲಗಳ ಹಿಡಿತದಲ್ಲಿ ವ್ಯತ್ಯಾಸವಾಗುತ್ತದೆ. ಡಿಸ್ಕ್‌ನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳುವಾದುದನ್ನು ಮತ್ತೆ ಬಳಸುವಂತಿಲ್ಲ. ಹೊಸ ಪ್ಯಾಡ್ ಜೋಡಿಸಿದ ಮೇಲೆ, ಕಾರು ಹೊರಡಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಹಿಂದಕ್ಕೆ ತಳ್ಳಲ್ಪಟ್ಟ ಪಿಸ್ಟನ್‌ಗಳು ಆಗಲೇ ಪ್ಯಾಡ್‌ಗೆ ತಾಗುವುದು. ಇದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕ್ ಹಿಡಿಯದಿರಬಹುದು.