ಬಿಚ್ಚಿದ ಕಾರು, ಬಿಚ್ಚದ ಲೆಕ್ಕ

ಹಳೆಯ ಕಾರನ್ನು ಮತ್ತೆ ರಸ್ತೆಗಿಳಿಸುವ ಕೆಲಸ ಚೆನ್ನೈನಲ್ಲಿ ಒಂದೇ ಸೂರಿನಡಿ ನಡೆಯುವುದಿಲ್ಲ. ಕಾರು ನಿಂತಿರುವ ಶೆಡ್ಡು ಒಂದು ಕಡೆ. ಸಿಗದ ಬಿಡಿಭಾಗ ಹುಡುಕಲು ಎಗ್ಮೋರ್ ನಿಲ್ದಾಣಕ್ಕೆ ಹತ್ತಿರ, ಕೂವಂ ನದಿಯ ಮಗ್ಗುಲಿಗಿರುವ ಪುದುಪೇಟೆಯ ಗುಜರಿ ಅಂಗಡಿಗಳಿಗೆ ಹೋಗಬೇಕು. ಹೊಸ ಸಾಮಾನಿಗೆ ಜನರಲ್ ಪ್ಯಾಟರ್ಸ್ ರಸ್ತೆ. ಸಿಲಿಂಡರ್ ಬೋರಿಂಗಿಗೆ, ಕ್ರ್ಯಾಂಕ್ ಗ್ರೈಂಡಿಂಗಿಗೆ ಗಿಂಡಿ ಅಥವಾ ಅಂಬತ್ತೂರಿನ ಕಡೆಯ ಲೇತ್ ಅಂಗಡಿಗಳು. ಬಂಪರಿಗೆ ಕ್ರೋಮ್ ಏರಿಸುವವರು ಬೇರೆ, ಸೀಟಿನ ಕುಶನ್ ಹೊಲಿಯುವವರು ಬೇರೆ, ವೈರಿಂಗ್ ಎಳೆಯುವವರು ಇನ್ನೂ ಬೇರೆ. ಕಾರಿನ ಒಡೆಯರಿಗೆ ಮಾತ್ರ ಗೊತ್ತಿರುವುದು ಶೆಡ್ಡಿನ ಮಾಲೀಕರೊಬ್ಬರೇ. ಕ್ರೋಮ್ ಅಂಗಡಿಯಲ್ಲಿ ಒಂದು ತಿಂಗಳು ತಡವಾದರೂ ಫೋನ್ ಬರುವುದು ಶೆಡ್ಡಿಗೆ, ಸಿಟ್ಟು ಇಳಿಯುವುದೂ ಅಲ್ಲೇ.

ಈ ಊರಿಗೆ ಮೋಟಾರು ಹೊಸದಲ್ಲ. 1840ರಲ್ಲಿ ಸಾರೋಟು ಕಟ್ಟುವ ಕಂಪನಿಯಾಗಿ ಆರಂಭವಾದ ಸಿಂಪ್ಸನ್, 1903ರಲ್ಲಿ ಮದ್ರಾಸಿನಲ್ಲೇ ಒಂದು ಉಗಿ ಕಾರನ್ನು ತಯಾರಿಸಿ ಓಡಿಸಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅಶೋಕ್ ಮೋಟರ್ಸ್ ಹುಟ್ಟಿತು. ಅದು ಆಸ್ಟಿನ್ ಎ40 ಕಾರುಗಳನ್ನು ಜೋಡಿಸುತ್ತಿತ್ತು. ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಹುಟ್ಟಿದ್ದೂ ಅದೇ ವರ್ಷ. ವಂಡಲೂರಿನ ಅದರ ಕಾರ್ಖಾನೆಯಿಂದ 1961ರಿಂದ ಹೊರಬಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಪ್ಪಟ ಮದ್ರಾಸಿನ ಕಾರು. ವಡಪಳನಿಯ ಎವಿಎಂ ಸ್ಟುಡಿಯೊದಲ್ಲಿ 2023ರ ಮೇ ತಿಂಗಳಲ್ಲಿ ತೆರೆದ ಹೆರಿಟೇಜ್ ಮ್ಯೂಸಿಯಂನಲ್ಲಿ, ಕೊಯಮತ್ತೂರಿನ ಜಿ.ಡಿ. ಕಾರ್ ಮ್ಯೂಸಿಯಂನಲ್ಲಿ, ನಮ್ಮ ಧರ್ಮಸ್ಥಳದ ಸಂಗ್ರಹದಲ್ಲಿ ಹೊಳೆಯುತ್ತ ನಿಂತ ಕಾರುಗಳನ್ನು ಜನ ಕಣ್ತುಂಬ ನೋಡುತ್ತಾರೆ. ಆ ಹೊಳಪಿನ ಹಿಂದೆ ಎಷ್ಟು ಕೈಗಳ ದುಡಿಮೆಯಿದೆ, ಅದಕ್ಕಾಗಿ ಎಷ್ಟು ವಾದ ನಡೆಯುತ್ತದೆ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ತಿಳಿಯಬೇಕು ಎಂದೇ ಈ ಲೇಖನ.

ಹೆರಾಲ್ಡನ್ನೇ ಹತ್ತಿರದಿಂದ ನೋಡೋಣ. 948 ಸಿಸಿಯ ಪುಟ್ಟ ಎಂಜಿನ್, ಇಟಲಿಯ ಜೊವಾನಿ ಮಿಕೆಲೊಟ್ಟಿ ಬಿಡಿಸಿದ ಚೂಪು ಅಂಚಿನ ಮೈ. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ ಮೂರು ಕಡೆಯಿಂದಲೂ ಕೈಗೆ ಸಿಗುತ್ತದೆ. ಅದರ ಕಾಲದ ಅನೇಕ ಕಾರುಗಳಿಗಿಂತ ಭಿನ್ನವಾಗಿ, ಇದರ ಬಾಡಿಯೂ ಚಾಸಿಯೂ ಒಂದೇ ತುಂಡಲ್ಲ. ಚಾಸಿ ಬೇರೆ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿಯ ಭಾಗಗಳು ಬೇರೆ. ಬಿಚ್ಚುವುದು ಸುಲಭ. ಕಷ್ಟ ಇರುವುದು ಮತ್ತೆ ಜೋಡಿಸುವುದರಲ್ಲಿ. ಚಾಸಿಯಿಂದ ಎರಡೂ ಬದಿಗೆ ಚಾಚಿಕೊಂಡು ಬಾಡಿಯನ್ನು ಹೊರುವ ಉಕ್ಕಿನ ತೋಳುಗಳಿವೆ. ನೀರೂ ಕೆಸರೂ ಸೇರಿಕೊಂಡು ತುಕ್ಕು ಮೊದಲು ಹಿಡಿಯುವುದು ಅವಕ್ಕೇ, ಅದೂ ಕಡಲ ಗಾಳಿಯ ಊರಿನಲ್ಲಿ. ತೋಳು ಒಂದಿಷ್ಟು ಕುಸಿದರೆ ಬಾಗಿಲು ಕೂರುವುದಿಲ್ಲ, ಬಾನೆಟ್ಟಿನ ಅಂಚಿನ ಸಂದು ಒಂದು ಕಡೆ ಬೆರಳು ತೂರುವಷ್ಟು, ಇನ್ನೊಂದು ಕಡೆ ಕಾಗದ ತೂರದಷ್ಟು ಆಗುತ್ತದೆ.

ಈಗ ಗ್ರಾಹಕರು ಬರುತ್ತಾರೆ. ತಂದೆಯ ಕಾಲದ ಕಾರು. ಹೊರಗಿನಿಂದ ನೋಡಿದರೆ ಪೇಂಟ್ ಮಾಸಿದೆ, ಅಷ್ಟೇ. ಟಿಂಕರಿಂಗ್ ಮೇಸ್ತ್ರಿ ಒಂದು ಆಯಸ್ಕಾಂತ ತೆಗೆದು ಬಾಗಿಲಿನ ಕೆಳಭಾಗಕ್ಕೆ ಹಿಡಿಯುತ್ತಾರೆ. ಅದು ಅಂಟದೆ ಜಾರುತ್ತದೆ. ಅಂದರೆ ಒಳಗೆ ತಗಡಿಲ್ಲ. ಹಿಂದೆ ಯಾರೋ ತೂತಿಗೆ ದಪ್ಪಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದಾರೆ. ಆದರೂ ಆ ಹೊತ್ತಿಗೆ ಒಂದು ಮೊತ್ತ ಹೇಳಬೇಕು, ಹೇಳುತ್ತಾರೆ. ಬಾಡಿ ಎತ್ತಿದ ಮೇಲೆ ಚಾಸಿಯ ತೋಳುಗಳು ಕಾಣುತ್ತವೆ, ಮೊತ್ತ ಒಂದೂವರೆ ಪಟ್ಟಾಗುತ್ತದೆ. ಆಮೇಲೆ ಬಾಗಿಲಿನ ಸರದಿ. ನಾಲ್ಕು ಬಾಗಿಲಿನ ಹೆರಾಲ್ಡ್ ತಯಾರಾದದ್ದು ಭಾರತದಲ್ಲಿ ಮಾತ್ರ. ಎಂಜಿನ್ನಿನ ಸಾಮಾನನ್ನು ಇಂಗ್ಲೆಂಡಿನಿಂದ ತರಿಸಬಹುದು, ಆದರೆ ಈ ಬಾಗಿಲುಗಳು ಅಲ್ಲಿಯೂ ಇಲ್ಲ. ಪುದುಪೇಟೆಯಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ತಗಡು ಬಡಿದು ಕೈಯಲ್ಲೇ ಮಾಡಬೇಕು. ಕೈಯಲ್ಲಿ ಮಾಡಿದ ಬಾಗಿಲಿಗೆ ದಿನಗೂಲಿಯ ಲೆಕ್ಕ ಹಾಕಿದರೆ ಯಾವ ಗ್ರಾಹಕರೂ ಬೆಚ್ಚುತ್ತಾರೆ.

“ದೀಪಾವಳಿಗೆ ಗಾಡಿ ಸಿಗುತ್ತಾ ಮೇಸ್ತ್ರಿ?”

“ಪೊಂಗಲ್‌ಗೆ ಕೊಟ್ಟುಬಿಡೋಣ ಸಾರ್.”

ಇಂಥ ಮಾತಿನಲ್ಲಿ ಇಬ್ಬರಿಗೂ ದುರುದ್ದೇಶ ಇರುವುದಿಲ್ಲ. ಆದರೆ ಪೊಂಗಲ್‌ನೊಳಗೆ ಏನೇನು ಮುಗಿಯಬೇಕು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಚೆನ್ನೈಗೆ ಈಶಾನ್ಯ ಮಾರುತದ ಮಳೆ. ಗಾಳಿಯಲ್ಲಿ ತೇವ ತುಂಬಿದಾಗ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್ ಹೊಡೆದರೆ ಮೇಲ್ಮೈ ಬಿಳಿಚಿಕೊಳ್ಳುತ್ತದೆ. ಒಳ್ಳೆಯ ಪೇಂಟರ್ ಅಂಥ ದಿನ ಗನ್ ಮುಟ್ಟುವುದಿಲ್ಲ. ಗ್ರಾಹಕರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಮೂರು ವಾರ ಬಂದು ಕಾರು ಒಂದೇ ಸ್ಥಿತಿಯಲ್ಲಿ ನಿಂತಿರುವುದನ್ನು ನೋಡಿದವರು ನಾಲ್ಕನೆಯ ವಾರ ದನಿ ಏರಿಸುತ್ತಾರೆ.

ಶೆಡ್ಡುಗಳ ಕಡೆಯೂ ತಪ್ಪಿದೆ, ಅದನ್ನು ಮುಚ್ಚಿಡಬಾರದು. ಒಬ್ಬರ ಮುಂಗಡದಿಂದ ಇನ್ನೊಬ್ಬರ ಕಾರು ಮುಗಿಸುವ ಅಭ್ಯಾಸ ಈ ಕಸುಬಿನ ದೊಡ್ಡ ರೋಗ. ಬಿಚ್ಚಿದ ನಟ್ಟು, ಬಿಲ್ಲೆ, ಡಯಲ್ಲು, ಬಾಗಿಲ ಹಿಡಿಗಳನ್ನು ಚೀಟಿ ಅಂಟಿಸದೆ ಒಂದೇ ಡಬ್ಬಿಗೆ ಸುರಿದು, ಎರಡು ವರ್ಷದ ಮೇಲೆ “ಬರುವಾಗಲೇ ಇರಲಿಲ್ಲ ಸಾರ್” ಎನ್ನುವುದು ಎರಡನೆಯದು. ಹಳೆಯ ಕಾರಿನಲ್ಲಿ ಕಳೆದುಹೋದ ಒಂದು ಸ್ಪೀಡೊಮೀಟರಿಗೆ ಬದಲಿ ಸಿಗಲು ವರ್ಷಗಳೇ ಬೇಕಾಗಬಹುದು. ಅದನ್ನು ಕಳೆದವರು ಬರೀ ಒಂದು ಸಾಮಾನು ಕಳೆದಿಲ್ಲ, ಗ್ರಾಹಕರ ನಂಬಿಕೆಯನ್ನೂ ಕಳೆದಿರುತ್ತಾರೆ.

ಆದರೆ ಹಣ, ಗಡುವುಗಳಿಗಿಂತ ಆಳದ ಜಗಳ ಇನ್ನೊಂದಿದೆ: ಕಾರು ಹೇಗಾಗಬೇಕು ಎಂಬುದು. ಗ್ರಾಹಕರಿಗೆ 1960ರ ದಶಕದ ಚೆಲುವೂ ಬೇಕು, ಎ.ಸಿ.ಯೂ ಬೇಕು, ಡಿಸ್ಕ್ ಬ್ರೇಕೂ ಬೇಕು; ಬಣ್ಣ ಮಾತ್ರ ಕನ್ನಡಿಯ ಹಾಗೆ ಹೊಳೆಯಬೇಕು, ಕಂಪನಿಯಿಂದ ಬಂದ ದಿನವೂ ಆ ಕಾರು ಹಾಗೆ ಹೊಳೆದಿರಲಿಕ್ಕಿಲ್ಲ. ಹಳೆಯ ವಾಹನ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು ಇದಕ್ಕೆ ವಿರುದ್ಧವಾದ ದಾರಿಯನ್ನು ಹೇಳುತ್ತದೆ: ಇರುವುದನ್ನು ಆದಷ್ಟು ಉಳಿಸಿ, ಅನಿವಾರ್ಯವಾದದ್ದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ದಾಖಲಿಸಿ. ನಮ್ಮ ಸರ್ಕಾರದ ನಿಯಮವೂ ಈಗ ಅದೇ ದಿಕ್ಕಿನದು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಸ್ವಂತ ಬಳಕೆಯ ಕಾರು, ಬೈಕುಗಳು ವಿಂಟೇಜ್ ಎಂದು ನೋಂದಣಿಯಾಗಬಹುದು; ಆದರೆ ಚಾಸಿ, ಬಾಡಿ ಶೆಲ್, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು. ಪೆಟ್ರೋಲ್ ದುಬಾರಿಯೆಂದು ಡೀಸೆಲ್ ಎಂಜಿನ್ ಕೂರಿಸಿದ ಕಾರಿಗೆ ಈ ಬಾಗಿಲು ಮುಚ್ಚಿದಂತೆಯೇ. “ಬೇರೆ ಎಂಜಿನ್ ಹಾಕಿಬಿಡಿ” ಎಂದು ಒತ್ತಾಯಿಸುವ ಗ್ರಾಹಕರಿಗೆ ಇದನ್ನು ಮೊದಲೇ ಹೇಳುವುದು ಶೆಡ್ಡಿನ ಕರ್ತವ್ಯ. ಹೇಳದೆ ಕೆಲಸ ಮಾಡಿಕೊಟ್ಟು, ಆಮೇಲೆ ಆರ್‌ಟಿಒದಲ್ಲಿ ಅರ್ಜಿ ತಿರಸ್ಕಾರವಾದರೆ ತಪ್ಪು ಇಬ್ಬರದೂ ಹೌದು.

ಎಷ್ಟು ಬದಲಿಸಿದರೂ ಅದೇ ಕಾರು ಎನ್ನಬಹುದೇ ಎಂಬ ಪ್ರಶ್ನೆ ಲಂಡನ್ನಿನ ಹೈಕೋರ್ಟನ್ನೂ ತಲುಪಿತ್ತು. 1929 ಮತ್ತು 1930ರ ಲೆ ಮಾನ್ ಓಟ ಗೆದ್ದ ಬೆಂಟ್ಲಿ ‘ಓಲ್ಡ್ ನಂಬರ್ ಒನ್’ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿದರು. ಅದರ ಬಹುಪಾಲು ಭಾಗಗಳು ಕಾಲಕಾಲಕ್ಕೆ ಬದಲಾಗಿದ್ದವು ನಿಜ. ಆದರೂ 1990ರಲ್ಲಿ ನ್ಯಾಯಾಧೀಶ ಆಟನ್ ಮಾರಿದವರ ಪರ ತೀರ್ಪು ಕೊಟ್ಟರು: ಕಾರಿನ ಚರಿತ್ರೆ ಎಲ್ಲಿಯೂ ಕಡಿದಿಲ್ಲ, ಹಾಗಾಗಿ ಆ ಹೆಸರು ಅದಕ್ಕೇ ಸಲ್ಲುತ್ತದೆ. ಏನು ಬದಲಾಯಿತು, ಯಾವಾಗ, ಏಕೆ ಎಂಬ ದಾಖಲೆಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಮಾತು ಮುರಿದ ಮೇಲೆ ಏನು? ಹಣ ಕೊಡದಿದ್ದರೆ ಕಾರು ಬಿಡುವುದಿಲ್ಲ ಎನ್ನುತ್ತದೆ ಶೆಡ್ಡು. ಅದು ದೌರ್ಜನ್ಯ ಎನ್ನುತ್ತಾರೆ ಗ್ರಾಹಕರು. 1872ರ ಕರಾರು ಕಾಯ್ದೆಯ 170ನೇ ಕಲಂ ಇಲ್ಲಿ ಶೆಡ್ಡಿನ ಪರ. ಒಪ್ಪಿದ ಕೆಲಸವನ್ನು ಶ್ರಮ, ಕೌಶಲ ಹಾಕಿ ಮುಗಿಸಿದವರು ಕೂಲಿ ಕೈಸೇರುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಕಾಯ್ದೆಯೇ ಕೊಡುವ ಉದಾಹರಣೆ ವಜ್ರಕ್ಕೆ ಸಾಣೆ ಹಿಡಿಯುವವನದು. ಅದರ ಬೆನ್ನಿಗೇ ದರ್ಜಿಯ ಉದಾಹರಣೆಯೂ ಇದೆ: ಕೋಟು ಹೊಲಿದ ಕೂಡಲೇ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ಕಾಯುತ್ತೇನೆ ಎಂದು ಮಾತು ಕೊಟ್ಟ ದರ್ಜಿಗೆ ಆ ಹಕ್ಕಿಲ್ಲ. ಇಟ್ಟುಕೊಳ್ಳುವ ಹಕ್ಕೆಂದರೆ ಮಾರುವ ಹಕ್ಕೂ ಅಲ್ಲ. ಬಾಕಿಯ ನೆಪದಲ್ಲಿ ಗ್ರಾಹಕರ ಎಂಜಿನ್ನನ್ನು ಇನ್ನೊಬ್ಬರಿಗೆ ಕೊಟ್ಟ ಶೆಡ್ಡಿಗೆ ಈ ಕಲಂ ಆಸರೆಯಾಗದು.

ಗ್ರಾಹಕರ ಪರವಾಗಿ ಅದೇ ಕಾಯ್ದೆಯಲ್ಲಿ ಇನ್ನೊಂದು ಕಲಂ ಇದೆ, ಅದನ್ನು ಬಲ್ಲವರು ಕಡಿಮೆ. 2015ರ ಡಿಸೆಂಬರಿನ ನೆರೆ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ, ಎರಡರಲ್ಲೂ ಚೆನ್ನೈನ ಅಸಂಖ್ಯ ವಾಹನಗಳು ನೀರಲ್ಲಿ ಮುಳುಗಿದವು. ಶೆಡ್ಡಿನಲ್ಲಿ ಬಿಟ್ಟ ಕಾರು ಹೀಗೆ ಹಾಳಾದರೆ, ಸಾಮಾನ್ಯ ವಿವೇಕದ ಎಚ್ಚರ ವಹಿಸಿದ್ದ ಮಾಲೀಕರನ್ನು ಕಾನೂನು ದೂರುವುದಿಲ್ಲ. ಆದರೆ 161ನೇ ಕಲಂ ಪ್ರಕಾರ, ತನ್ನ ತಪ್ಪಿನಿಂದ ವಸ್ತುವನ್ನು ಸಕಾಲಕ್ಕೆ ಹಿಂದಿರುಗಿಸದವರು ಆ ಗಡುವಿನ ನಂತರದ ಎಲ್ಲ ನಷ್ಟಕ್ಕೂ ಹೊಣೆ. ನವೆಂಬರಿನಲ್ಲಿ ಕೊಡಬೇಕಿದ್ದ ಕಾರು ಡಿಸೆಂಬರಿನ ನೆರೆಗೆ ಸಿಕ್ಕಿದರೆ ವಾದದ ದಿಕ್ಕೇ ಬದಲಾಗುತ್ತದೆ. ಆದರೆ ನವೆಂಬರ್ ಎಂದು ಎಲ್ಲಿ ಬರೆದಿದೆ? ಬರೀ ಬಾಯಿಮಾತಿನ “ಪೊಂಗಲ್” ಇಬ್ಬರನ್ನೂ ಕಾಯುವುದಿಲ್ಲ.

ಹೀಗಾಗಿ ನನ್ನ ನಿಲುವು ಇಷ್ಟು. ಬಿಚ್ಚದ ಕಾರಿಗೆ ಪೂರ್ತಿ ಮೊತ್ತ ಹೇಳುವ ಶೆಡ್ಡನ್ನು ನಂಬಬಾರದು, ಬಿಚ್ಚದ ಕಾರಿಗೆ ಪೂರ್ತಿ ಮೊತ್ತ ಕೇಳುವ ಗ್ರಾಹಕರೂ ನ್ಯಾಯವಂತರಲ್ಲ. ಮೊದಲ ಒಪ್ಪಂದ ಬಿಚ್ಚಿ ನೋಡುವುದಕ್ಕಷ್ಟೇ ಇರಲಿ, ಅದಕ್ಕೊಂದು ಕೂಲಿ ಇರಲಿ. ಬಾಡಿ ಎತ್ತಿದ ದಿನ ಒಡೆಯರು ಖುದ್ದಾಗಿ ಬಂದು ಚಾಸಿಯ ಕೆಳಗೆ ಬಗ್ಗಿ ನೋಡಲಿ. ಫೋಟೊ ತೆಗೆದು, ತೆಗೆದಿಟ್ಟ ಪ್ರತಿ ಭಾಗದ ಪಟ್ಟಿಗೆ ಇಬ್ಬರೂ ಸಹಿ ಹಾಕಲಿ. ಆಮೇಲೆ ಹಂತಕ್ಕೊಂದು ಮೊತ್ತ, ಹಂತಕ್ಕೊಂದು ದಿನಾಂಕ. ನಡುವೆ ಬಣ್ಣ ಬದಲಿಸಬೇಕೆನ್ನಿಸಿದರೆ ಅದಕ್ಕೂ ಹೊಸ ಕಾಗದ. ತಗಡು ಬಡಿಯುವ ಮೇಸ್ತ್ರಿಗೆ ಬರವಣಿಗೆ ಒಗ್ಗದಿರಬಹುದು. ಅದನ್ನು ಮಾಡುವ ಜವಾಬ್ದಾರಿ ಶೆಡ್ಡಿನ ಮಾಲೀಕರದು. ಇಂಥ ಕೈಕಸುಬು ಗೊತ್ತಿರುವ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಅವರ ದಿನಗಳು ಫೋನಿನಲ್ಲಿ ಸಮಜಾಯಿಷಿ ಹೇಳುವುದರಲ್ಲಿ ಕಳೆಯಬಾರದು.

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಚೆನ್ನೈಗೆ ಕಾರು ಕಳಿಸಿ ಈಗಾಗಲೇ ಸಿಕ್ಕಿಕೊಂಡಿರುವ ಓದುಗರಿಗೆ ಒಂದು ಮಾತು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಚೆನ್ನೈಗೆ ಅಲೆಯಬೇಕಿಲ್ಲ. ನೀವು ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗ ಸಾಕು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಇಬ್ಬರೂ ಒಪ್ಪಿದರೆ ಆಯೋಗವೇ ಸಂಧಾನಕ್ಕೆ ಕಳಿಸುತ್ತದೆ, ಹಳೆಯ ಕಾರಿನ ಜಗಳಕ್ಕೆ ಅದೇ ಒಳ್ಳೆಯ ದಾರಿ. ಕಾರನ್ನು ಮದುವೆಗೆ, ಶೂಟಿಂಗಿಗೆ ಬಾಡಿಗೆ ಕೊಡುತ್ತಿದ್ದರೆ ಮಾತ್ರ ವಾಣಿಜ್ಯ ಉದ್ದೇಶದ ಆಕ್ಷೇಪ ಬರಬಹುದು. ಮುಂಗಡ ಕೊಟ್ಟ ರಸೀದಿ, ವಾಟ್ಸ್‌ಆಪ್ ಮಾತುಕತೆ, ಫೋಟೊಗಳನ್ನು ಅಳಿಸದೆ ಇಟ್ಟುಕೊಳ್ಳಿ. ತಕರಾರು ಹುಟ್ಟಿದ ದಿನದಿಂದ ದೂರು ಕೊಡಲು ಇರುವ ಕಾಲಾವಕಾಶ ಎರಡು ವರ್ಷ.