ಊರಿನ ಹಾಗಿರುವ ಊರು, ಊರಿಗೆ ಹತ್ತಿರವಿರುವ ಊರು

ಕಳೆದ ತಿಂಗಳ ಒಂದು ಶುಕ್ರವಾರ ಕುಂದಾಪುರದಿಂದ ಅಕ್ಕನ ಮಗ ಕರೆ ಮಾಡಿದ. ಡಿಪ್ಲೊಮಾ ಮುಗಿಸಿ ಮಂಗಳೂರಿನಲ್ಲಿ ಎರಡು ವರ್ಷ ಎಲೆಕ್ಟ್ರಿಕಲ್ ಕೆಲಸ ಮಾಡಿರುವ ಹುಡುಗ. ಅವನ ಕೈಯಲ್ಲಿ ಒಮಾನ್‌ನಿಂದ ಬಂದ ಎರಡು ನೇಮಕಾತಿ ಪತ್ರಗಳಿದ್ದವು. ಒಂದು ರಾಜಧಾನಿ ಮಸ್ಕತ್‌ನದು. ತಿಂಗಳಿಗೆ 320 ರಿಯಾಲ್ ಸಂಬಳ, ವಸತಿಯನ್ನು ತಾನೇ ನೋಡಿಕೊಳ್ಳಬೇಕು. ಇನ್ನೊಂದು ದಕ್ಷಿಣದ ಸಲಾಲಾದ್ದು. 260 ರಿಯಾಲ್ ಸಂಬಳ, ವಸತಿ ಸಂಸ್ಥೆಯದೇ. “ಮಾವ, ಸಲಾಲಾದಲ್ಲಿ ನಮ್ಮೂರಿನ ಹಾಗೆಯೇ ಮಳೆ ಬರುತ್ತದಂತೆ, ತೆಂಗಿನ ತೋಟಗಳೂ ಇವೆಯಂತೆ. ಅಮ್ಮ ಅಲ್ಲಿಗೇ ಹೋಗು ಅನ್ನುತ್ತಿದ್ದಾರೆ. ನೀವೇನು ಹೇಳುತ್ತೀರಿ?” ಎಂದು ಕೇಳಿದ.

ಆರು ವರ್ಷ ಸಲಾಲಾದಲ್ಲಿಯೂ ಅನಂತರ ಒಂಬತ್ತು ವರ್ಷ ಮಸ್ಕತ್‌ನಲ್ಲಿಯೂ ಬಾಳಿದವನು ನಾನು. ಆದರೂ ತಕ್ಷಣ ಉತ್ತರಿಸಲಾಗಲಿಲ್ಲ. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಪತ್ರ ಹಿಡಿದು ಕುಳಿತಿರುವ ಬೇರೆಯವರಿಗೂ, ಅವರ ಮನೆಯವರಿಗೂ ಇದು ಉಪಯೋಗವಾದೀತು.

ಎರಡು ನಗರಗಳ ನಡುವಿನ ಅಂತರ ಸುಮಾರು 1,000 ಕಿ.ಮೀ. ಬೆಂಗಳೂರಿನಿಂದ ಮುಂಬಯಿಗೆ ಇರುವಷ್ಟು ದೂರ. ನಿಜ್ವಾ, ಆದಮ್, ಹೈಮಾ, ತುಮ್ರೈತ್ ಮಾರ್ಗವಾಗಿ ಸಾಗುವ ರಸ್ತೆಯ ಬಹುಭಾಗ ಮರಳುಗಾಡು. ಕಾರಿನಲ್ಲಿ ಹತ್ತು ಹನ್ನೆರಡು ಗಂಟೆ ಬೇಕು, ವಿಮಾನದಲ್ಲಿ ಒಂದೂವರೆ ಗಂಟೆ ಸಾಕು. ದೇಶ ಒಂದೇ, ನಾಣ್ಯ ಒಂದೇ. ಬದುಕಿನ ಲಯ ಮಾತ್ರ ಬೇರೆ ಬೇರೆ.

ಅಕ್ಕನ ಮನಸ್ಸನ್ನು ಸೆಳೆದಿರುವುದು ಖರೀಫ್. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯನ್ನು ತೋಯಿಸುವ ನೈಋತ್ಯ ಮಾರುತವೇ ದೋಫಾರ್ ಪ್ರಾಂತ್ಯದ ಬೆಟ್ಟಗಳನ್ನೂ ತಾಗುತ್ತದೆ. ಮಸ್ಕತ್ 40 ಡಿಗ್ರಿಗೂ ಮೀರಿ ಕಾಯುತ್ತಿರುವಾಗ ಸಲಾಲಾದಲ್ಲಿ 25ರ ಆಸುಪಾಸು. ಬೋಳು ಬೆಟ್ಟಗಳು ಕೆಲವೇ ವಾರಗಳಲ್ಲಿ ಹಸಿರಾಗುತ್ತವೆ, ವಾದಿ ದರ್ಬಾತ್‌ನಲ್ಲಿ ನೀರು ಹರಿಯುತ್ತದೆ, ರಸ್ತೆಯ ಬದಿಯಲ್ಲಿ ಎಳನೀರು, ಬಾಳೆಹಣ್ಣು, ಪಪ್ಪಾಯಿಯ ಅಂಗಡಿಗಳು ಸಾಲುಗಟ್ಟಿರುತ್ತವೆ. ಮೊದಲ ಜುಲೈನಲ್ಲಿ ನಾನೂ ಆ ಚಿತ್ರಗಳನ್ನು ಮನೆಗೆ ಕಳುಹಿಸಿ, ಇದು ಯಾವ ಊರು ಹೇಳಿ ನೋಡೋಣ ಎಂದು ಕೇಳಿದ್ದೆ.

ಆದರೆ ಅದು ನಮ್ಮ ಮಳೆಯಲ್ಲ. ಹೆಂಚಿನ ಮೇಲೆ ಬಡಿಯುವ ಸದ್ದಿಲ್ಲ. ದಿನವಿಡೀ ಮಂಜು, ನವಿರಾದ ತುಂತುರು, ಒಣಗದ ಬಟ್ಟೆ. ಆ ಮೂರು ತಿಂಗಳು ನಗರವು ಕೊಲ್ಲಿ ದೇಶಗಳಿಂದ ಬರುವ ಪ್ರವಾಸಿಗರದಾಗುತ್ತದೆ. ದಿನದ ಬಾಡಿಗೆಯಲ್ಲಿ ಹೆಚ್ಚು ಆದಾಯವಿರುವುದರಿಂದ ಮನೆ ಹುಡುಕುವವನಿಗೆ ಅದು ಕೆಟ್ಟ ಕಾಲ. ಉಳಿದ ಒಂಬತ್ತು ತಿಂಗಳು ಸಲಾಲಾ ಒಂದು ಶಾಂತವಾದ ಬಂದರು ಪಟ್ಟಣ.

ಆ ಶಾಂತಿಯ ಬೆಲೆಯನ್ನು ನಾನು ಮಸ್ಕತ್‌ಗೆ ಬಂದ ಮೇಲೆ ಅರಿತೆ. ಸಲಾಲಾದಲ್ಲಿ ಕಚೇರಿ ಮನೆಯಿಂದ ಹತ್ತು ನಿಮಿಷ. ಮಧ್ಯಾಹ್ನದ ಊಟ ಮನೆಯಲ್ಲಿಯೇ, ಸಂಜೆ ಹಾಫಾ ಕಡಲತೀರದಲ್ಲಿ ಮಗಳ ಆಟ. ಮಸ್ಕತ್ ಬೆಟ್ಟಕ್ಕೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿಕೊಂಡ ನಗರ. ಸೀಬ್‌ನಲ್ಲಿ ಮನೆ ಮಾಡಿ ರೂವಿಯಲ್ಲಿ ದುಡಿಯುವವನ ಬೆಳಗಿನ ಒಂದು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. 2015ರಲ್ಲಿ ಮವಾಸಲಾತ್ ಬಸ್ಸುಗಳು ಆರಂಭವಾದ ಬಳಿಕ ಕಾರಿಲ್ಲದವರ ಪಾಡು ಸ್ವಲ್ಪ ಸುಧಾರಿಸಿದೆಯಾದರೂ, ಮೇ ತಿಂಗಳಿನಿಂದ ನಿಲ್ದಾಣದವರೆಗಿನ ಐದು ನಿಮಿಷದ ನಡಿಗೆಯೇ ಶಿಕ್ಷೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸವನ್ನು ಕಾನೂನೇ ನಿಷೇಧಿಸಿದೆ ಎಂದರೆ ಸೆಕೆಯನ್ನು ಊಹಿಸಬಹುದು.

ಜನರ ವಿಷಯಕ್ಕೆ ಬಂದರೆ ತಕ್ಕಡಿ ಮಸ್ಕತ್ ಕಡೆಗೆ ವಾಲುತ್ತದೆ. ಹಳೆಯ ಮಸ್ಕತ್‌ನಲ್ಲಿ ಶಿವಾಲಯವಿದೆ, ದಾರ್ಸೈತ್‌ನಲ್ಲಿ ಕೃಷ್ಣ ಮಂದಿರವಿದೆ, ಕನ್ನಡಿಗರ ಸಂಘವಿದೆ, ನವೆಂಬರ್‌ನಲ್ಲಿ ರಾಜ್ಯೋತ್ಸವವಿದೆ. ಸಲಾಲಾದಲ್ಲಿ ಭಾರತೀಯರೆಂದರೆ ಮುಖ್ಯವಾಗಿ ಮಲಯಾಳಿಗಳು. ನನ್ನ ಮಗಳು ಕನ್ನಡಕ್ಕಿಂತ ಮೊದಲು ಮಲಯಾಳವನ್ನೇ ಸರಾಗವಾಗಿ ಆಡತೊಡಗಿದಳು. ಅಲ್ಲಿನ ಬೆಟ್ಟದ ಜನರಿಗೂ ಅರಬಿಗಿಂತ ಭಿನ್ನವಾದ ಶಹ್ರಿ ಎಂಬ ಮನೆಮಾತಿದೆ. ಅದು ಈಗ ಅಜ್ಜಿಯ ಬಾಯಲ್ಲಿ ಮಾತ್ರ ಪೂರ್ತಿ ಉಳಿದಿದೆ ಎಂದು ಒಮಾನಿ ಸಹೋದ್ಯೋಗಿಯೊಬ್ಬ ಹೇಳಿದಾಗ, ಕುಂದಾಪುರದ ಮಾತಾಡಲು ಜೊತೆಯಿಲ್ಲದ ನನಗೆ ಅವನ ಸಂಕಟ ಚೆನ್ನಾಗಿಯೇ ಅರ್ಥವಾಯಿತು.

ಇನ್ನು ಹಣದ ಲೆಕ್ಕ. ಮಸ್ಕತ್‌ನ 320 ರಿಯಾಲ್‌ನಲ್ಲಿ ಹಂಚಿಕೊಂಡ ಕೋಣೆಗೆ 60, ಊಟಕ್ಕೆ 50, ಓಡಾಟಕ್ಕೆ 25 ಕಳೆದರೆ ಉಳಿಯುವುದು 185. ಸಲಾಲಾದ 260ರಲ್ಲಿ ಊಟಕ್ಕೆ 50, ಓಡಾಟಕ್ಕೆ 10 ಕಳೆದರೆ 200 ಉಳಿಯುತ್ತದೆ. ಅಂದರೆ ಕಡಿಮೆ ಸಂಬಳದ ಊರಿನಲ್ಲಿಯೇ ತಿಂಗಳಿಗೆ 15 ರಿಯಾಲ್, ಇಂದಿನ ವಿನಿಮಯ ದರದಲ್ಲಿ 3,000 ರೂಪಾಯಿಗೂ ಮಿಗಿಲಾಗಿ, ಹೆಚ್ಚು ಉಳಿತಾಯ. ಪತ್ರದಲ್ಲಿರುವ ದೊಡ್ಡ ಅಂಕಿಯನ್ನಷ್ಟೇ ನೋಡಿ ನಿರ್ಧರಿಸುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಮೊದಲ ಎರಡು ವರ್ಷಕ್ಕೆ ಈ ಲೆಕ್ಕ ಸರಿ. ಪ್ರಶ್ನೆ ಇರುವುದು ಮೂರನೆಯ ವರ್ಷದ್ದು. ಹಿಂದೆ ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಕೆಲಸ ಬಿಟ್ಟರೆ ಎರಡು ವರ್ಷ ಒಮಾನ್‌ಗೆ ಮರಳುವಂತಿರಲಿಲ್ಲ. 2021ರ ಜನವರಿ 1ರಿಂದ ಒಪ್ಪಂದ ಮುಗಿಸಿದವನು ಆ ಪತ್ರವಿಲ್ಲದೆಯೇ ಬೇರೆ ಸಂಸ್ಥೆ ಸೇರಬಹುದು. ಈ ಹಕ್ಕು ಬಹಳ ದೊಡ್ಡದು. ಆದರೆ ಸೇರಲು ಇನ್ನೊಂದು ಸಂಸ್ಥೆ ಇರಬೇಕಲ್ಲ? ಸಲಾಲಾದಲ್ಲಿ ಬಂದರು, ಮುಕ್ತ ವಲಯ, ಹೋಟೆಲುಗಳು, ಕೆಲವು ಗುತ್ತಿಗೆದಾರರು. ಇಷ್ಟನ್ನು ದಾಟಿದರೆ ಮುಂದೆ ಮರಳುಗಾಡು. ನನ್ನ ಸಂಸ್ಥೆ ಸಂಬಳವನ್ನು ತಿಂಗಳುಗಟ್ಟಲೆ ತಡ ಮಾಡತೊಡಗಿದಾಗ ಸಂದರ್ಶನಕ್ಕಾಗಿ ನಾನು ರಾತ್ರಿ ಬಸ್ಸಿನಲ್ಲಿ ಮೂರು ಸಲ ಮಸ್ಕತ್‌ಗೆ ಬಂದೆ. ಮಸ್ಕತ್‌ನಲ್ಲಿದ್ದವನು ಅದೇ ಸಂದರ್ಶನವನ್ನು ಊಟದ ಬಿಡುವಿನಲ್ಲಿ ಮುಗಿಸಿ ಬರುತ್ತಾನೆ.

ಅಕ್ಕನಿಗೆ ಹೇಳಬೇಕಾದ ಮಾತು ಬೇರೆಯೇ ಇದೆ. ಅಪ್ಪ ತೀರಿಕೊಂಡ ಸುದ್ದಿ ಬಂದಾಗ ನಾನು ಸಲಾಲಾದಲ್ಲಿದ್ದೆ. ಆಗಸ್ಟ್ ತಿಂಗಳು, ಖರೀಫ್‌ನ ಜನಸಂದಣಿಯಲ್ಲಿ ಹೊರಡುವ ವಿಮಾನಗಳಲ್ಲಿ ಒಂದು ಆಸನವೂ ಸಿಗಲಿಲ್ಲ. ಗೆಳೆಯನೊಬ್ಬ ತನ್ನ ಕಾರಿನಲ್ಲಿ ಹೊರಡಿಸಿದ. ತುಮ್ರೈತ್ ಕಡೆಗೆ ಬೆಟ್ಟ ಹತ್ತುವಾಗ ಮಂಜಿನಲ್ಲಿ ದೀಪದ ಬೆಳಕು ಹತ್ತು ಮಾರು ದೂರಕ್ಕೂ ತಲುಪುತ್ತಿರಲಿಲ್ಲ. ಮರಳುಗಾಡನ್ನು ದಾಟಿ ಮಸ್ಕತ್, ಅಲ್ಲಿಂದ ಬೆಂಗಳೂರು, ಮತ್ತೆ ರಾತ್ರಿ ಬಸ್ಸು. ನಾನು ಮನೆ ಮುಟ್ಟಿದ್ದು ಮೂರನೆಯ ದಿನ. ಚಿಕ್ಕಪ್ಪನ ಮಗ ಚಿತೆಗೆ ಬೆಂಕಿ ಇಟ್ಟಾಗಿತ್ತು. ನಕ್ಷೆಯಲ್ಲಿ ನೋಡಿದರೆ ಕರಾವಳಿಗೆ ಎರಡೂ ನಗರಗಳು ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ಬೇಕೆಂದಾಗ ಹೊರಡುವ ವಿಮಾನ ಇದೆಯೇ ಎಂಬುದೇ ನಮ್ಮಂಥವರ ಪಾಲಿಗೆ ದೂರದ ಅಳತೆ. ಊರಿನ ಹಾಗಿರುವುದು ಬೇರೆ, ಊರಿಗೆ ಹತ್ತಿರವಿರುವುದು ಬೇರೆ ಎಂದು ನನಗೆ ತಿಳಿದದ್ದು ಆ ರಸ್ತೆಯಲ್ಲಿ.

ಹಾಗೆಂದು ಸಲಾಲಾ ಯಾರಿಗೂ ಬೇಡ ಎಂದಲ್ಲ. ಭದ್ರವಾದ ಹುದ್ದೆ, ಜೊತೆಯಲ್ಲಿ ಸಂಸಾರ, ಶಾಲೆಗೆ ಹೋಗುವ ಸಣ್ಣ ಮಕ್ಕಳು ಇರುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಭಾರತೀಯ ಶಾಲೆ ಎರಡೂ ಕಡೆ ಇದೆ. ಮಕ್ಕಳೊಡನೆ ಕಳೆಯಲು ಸಮಯ ಸಿಗುವುದು ಸಲಾಲಾದಲ್ಲಿ. ಮೊದಲ ಸಲ ಹೊರಡುವ, ಮದುವೆಯಾಗದ, ಇನ್ನೂ ಕೆಲಸ ಕಲಿಯಬೇಕಾದ ಹುಡುಗನಿಗೆ ಮಾತ್ರ ಮಸ್ಕತ್ತೇ ಸರಿ. ತಿಂಗಳಿಗೆ 15 ರಿಯಾಲ್ ಕಡಿಮೆ ಉಳಿದರೂ ಚಿಂತೆಯಿಲ್ಲ.

ಅಳಿಯನಿಗೆ ಇಷ್ಟು ತಿಳಿಸಿದ್ದೇನೆ: ಮಸ್ಕತ್ ಪತ್ರಕ್ಕೆ ಒಪ್ಪಿಗೆ ಕೊಡು. ಅದಕ್ಕೆ ಮೊದಲು ಒಪ್ಪಂದ ಎಷ್ಟು ವರ್ಷದ್ದು, ಸಂಬಳ ಬ್ಯಾಂಕ್ ಖಾತೆಗೆ ಬರುತ್ತದೆಯೇ, ರಜೆಯ ಟಿಕೆಟ್ ಯಾರದು ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೋ. ಉದ್ಯೋಗ ವೀಸಾ ಕೈಗೆ ಬರುವ ತನಕ ಹೊರಡಬೇಡ. ಭೇಟಿ ವೀಸಾದಲ್ಲಿ ಬಾ, ಆಮೇಲೆ ನೋಡೋಣ ಎಂದು ಯಾರೇ ಹೇಳಿದರೂ ಕೇಳಬೇಡ. ಮೊದಲ ತಿಂಗಳು ನಮ್ಮ ಮನೆಯಲ್ಲಿಯೇ ಇರು, ಕೋಣೆಯನ್ನು ನಿಧಾನವಾಗಿ ಹುಡುಕೋಣ.

ಅಕ್ಕ ಇನ್ನೂ ಪೂರ್ತಿ ಒಪ್ಪಿಲ್ಲ. ಮಸ್ಕತ್‌ನ ಸೆಕೆಯಲ್ಲಿ ಮಗ ಸೊರಗುತ್ತಾನೆ ಎಂಬ ಅಳುಕು ಅವಳದು. ಜುಲೈನಲ್ಲಿ ನಾಲ್ಕು ದಿನ ರಜೆ ಹಾಕಿ ಅವನನ್ನು ಸಲಾಲಾಕ್ಕೆ ಕರೆದೊಯ್ಯುತ್ತೇನೆ, ಮಳೆಯಲ್ಲಿ ನಿಲ್ಲಿಸಿ ಫೋಟೊ ತೆಗೆದು ಕಳುಹಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ.